ಕಾರವಾರದಿಂದ ಫಾತೋರ್ಡಾಕ್ಕೆ: ಸೀಸನ್ನಿನ ಮೊದಲ ಮ್ಯಾಚಿಗೆ ಹೊರಡುವವರಿಗೆ

ಮಡಗಾಂವದ ಫಾತೋರ್ಡಾ ಸ್ಟೇಡಿಯಂನಲ್ಲಿ ಸಂಜೆ 7.30ಕ್ಕೆ ಶುರುವಾದ ಎಫ್‌ಸಿ ಗೋವಾದ ಫುಟ್‌ಬಾಲ್ ಮ್ಯಾಚ್ ಮುಗಿಯುವಾಗ 9.25 ಆಗುತ್ತದೆ. ಜನ ಕರಗಿ ಗೇಟು ದಾಟಿ ರಸ್ತೆಗೆ ಬರುವಾಗ 9.40. ಆ ಹೊತ್ತಿಗೆ ಮಡಗಾಂವದ ಕದಂಬ ಸ್ಟ್ಯಾಂಡಿಗೆ ಓಡಿ ಹೋಗಿ ಕಾರವಾರದ ಬಸ್ ಹಿಡಿಯುತ್ತೇವೆ ಅಂತ ಲೆಕ್ಕ ಹಾಕಿಕೊಂಡು ಹೊರಡಬೇಡಿ. ವರ್ಷಗಟ್ಟಲೆ ಟಿವಿಯಲ್ಲೇ ನೋಡಿ ಈಗ ಮತ್ತೆ ಸ್ಟೇಡಿಯಂಗೆ ಹೋಗಬೇಕು ಅನ್ನಿಸಿದ ನಮ್ಮ ಕಡೆಯವರು ಎಲ್ಲಕ್ಕಿಂತ ಮೊದಲು ಮ್ಯಾಚ್ ಟಿಕೆಟ್ ಹುಡುಕುತ್ತಾರೆ. ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ರಾತ್ರಿ ವಾಪಸ್ ಬರುವ ಗಾಡಿ. ಅದು ಗಟ್ಟಿಯಾದರೆ ಉಳಿದದ್ದೆಲ್ಲ ತಾನಾಗಿ ಕೂಡಿ ಬರುತ್ತದೆ. ಅದಿಲ್ಲದಿದ್ದರೆ 80ನೇ ನಿಮಿಷದಿಂದ ಕಣ್ಣು ಮೈದಾನದ ಮೇಲಿರುವುದಿಲ್ಲ, ಗಡಿಯಾರದ ಮೇಲಿರುತ್ತದೆ.

ಫಾತೋರ್ಡಾ ಮೈದಾನದ ಇತಿಹಾಸವೇ ಬೇಗ ಎದ್ದು ಹೋಗುವವರಿಗೆ ವಿರುದ್ಧವಾಗಿದೆ. 2015ರ ಡಿಸೆಂಬರ್ 20ರಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಇಲ್ಲೇ ನಡೆಯಿತು. 87ನೇ ನಿಮಿಷದ ಗೋಲಿನಿಂದ ಎಫ್‌ಸಿ ಗೋವಾ ಚೆನ್ನೈಯಿನ್ ವಿರುದ್ಧ 2–1ರಿಂದ ಮುಂದಿತ್ತು. ಅಲ್ಲಿಂದ ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಅವರಿಂದಲೇ ಒಂದು ಸ್ವಂತ ಗೋಲು, ಅದರ ಬೆನ್ನಿಗೇ ಇಂಜುರಿ ಟೈಮಿನಲ್ಲಿ ಚೆನ್ನೈಯಿನ್‌ನ ಮೆಂಡೋಜಾ ಹೊಡೆದ ಇನ್ನೊಂದು ಗೋಲು. ಕಪ್ ಚೆನ್ನೈಯಿನ್ ಪಾಲಾಯಿತು. ಒಂಬತ್ತು ವರ್ಷ ದಾಟಿದ ಮೇಲೆ, 2025ರ ಏಪ್ರಿಲ್ 6ರ ಸೆಮಿಫೈನಲ್ ಎರಡನೇ ಲೆಗ್ (ಎರಡು ಮ್ಯಾಚಿನ ಒಟ್ಟು ಗೋಲಿನ ಲೆಕ್ಕದಲ್ಲಿ ಎರಡನೆಯದು). ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿಗೆ 2–0 ಸೋತು ಬಂದಿದ್ದ ಗೋವಾ ಇಲ್ಲಿ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಎರಡನೆಯ ಗೋಲು ಬಿದ್ದದ್ದು 88ನೇ ನಿಮಿಷಕ್ಕೆ. ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನುವಷ್ಟರಲ್ಲಿ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದರು, ಬೆಂಗಳೂರು ಫೈನಲ್‌ಗೆ ಹೋಯಿತು. ಈ ಎರಡೂ ರಾತ್ರಿ 85ನೇ ನಿಮಿಷಕ್ಕೆ ಎದ್ದು ಹೋದವನಿಗೆ ಆ ಮ್ಯಾಚ್ ಏನೆಂದೇ ಗೊತ್ತಾಗಿರಲಿಕ್ಕಿಲ್ಲ. ಆದ್ದರಿಂದ ಕೊನೆ ಸೀಟಿಯ ತನಕ ಕೂರುವ ವ್ಯವಸ್ಥೆ ಮಾಡಿಕೊಂಡೇ ಹೋಗಬೇಕು.

ಬೆಂಗಳೂರು ನಮ್ಮ ರಾಜ್ಯದ ತಂಡ, ಅಲ್ಲಿಗೇಕೆ ಹೋಗಬಾರದು ಅಂತ ಕೇಳುವವರಿದ್ದಾರೆ. ಹೋಗಬಹುದು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವುದಕ್ಕೆ ಅದರದೇ ಸುಖವಿದೆ. ಆದರೆ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದಿಂದ ಸಂಜೆ ಹೊರಟು ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ, ಅಲ್ಲಿಂದ ವಾಪಸ್ ಹೊರಡುವುದೂ ಸಂಜೆಗೇ. ಅಂದರೆ ಮ್ಯಾಚ್ ಶುರುವಾಗುವ ಮೊದಲೇ ನಿಮ್ಮ ರೈಲು ಬಿಟ್ಟಾಗಿರುತ್ತದೆ. ತಡರಾತ್ರಿಯ ಬಸ್ಸು ಸಿಗಬೇಕು, ಇಲ್ಲವೇ ಇನ್ನೊಂದು ದಿನ ಉಳಿಯಬೇಕು. ಒಂದು ಮ್ಯಾಚಿಗೆ ಎರಡು ರಾತ್ರಿ ಹೋಗುತ್ತದೆ. ಶಿರಸಿ, ಯಲ್ಲಾಪುರದವರಿಗೆ ರಾತ್ರಿ ಬಸ್ಸಿನ ಅನುಕೂಲ ಇರುವುದರಿಂದ ಅವರಿಗೆ ಬೆಂಗಳೂರು ಸಲೀಸು. ಕಾರವಾರ, ಅಂಕೋಲಾ, ಕುಮಟಾದವರಿಗೆ ಫಾತೋರ್ಡಾವೇ ಹತ್ತಿರ. ಕಾರವಾರದಿಂದ ಹೆಚ್ಚು ಕಡಿಮೆ 70 ಕಿ.ಮೀ., ಬೇರೆ ರಾಜ್ಯ ಅಷ್ಟೆ.

ನಾಲ್ಕೈದು ಜನ ಸೇರಿ ಒಂದು ಕಾರು, ಅಥವಾ ಹತ್ತು ಹನ್ನೆರಡು ಜನ ಸೇರಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಳ್ಳುವುದೇ ಒಳ್ಳೆಯದು. ಬಾಡಿಗೆ ಗಾಡಿಯಾದರೆ ಮಾತಾಡುವಾಗ ಎರಡು ವಿಷಯ ಮೊದಲೇ ಬಿಡಿಸಿ ಹೇಳಿ. ಒಂದು, ಗೋವಾ ಒಳಗೆ ಹೋಗಲು ಬೇಕಾದ ಪರ್ಮಿಟ್, ತೆರಿಗೆ ಯಾರ ಲೆಕ್ಕಕ್ಕೆ ಅನ್ನುವುದು. ಎರಡು, ರಾತ್ರಿ 10 ಗಂಟೆಯ ತನಕ ಕಾಯಬೇಕು, ಮನೆ ಮುಟ್ಟುವಾಗ 12 ದಾಟುತ್ತದೆ ಅನ್ನುವುದು. ಈ ಎರಡನೆಯದನ್ನು ಹೇಳದೆ ಬಿಟ್ಟರೆ ಡ್ರೈವರ್ 9 ಗಂಟೆಗೇ ಫೋನ್ ಮಾಡಲು ಶುರು ಮಾಡುತ್ತಾನೆ. ಪಾಪ, ಅವನದೂ ತಪ್ಪಲ್ಲ. ಸ್ವಂತ ಕಾರಾದರೆ ವಾಪಸ್ ಓಡಿಸುವವರು ಯಾರು ಅಂತ ಹೊರಡುವಾಗಲೇ ತೀರ್ಮಾನ ಮಾಡಿ. ಅವರು ಗೋವಾದಲ್ಲಿ ಒಂದು ತೊಟ್ಟೂ ಮುಟ್ಟಬಾರದು. ಇದರಲ್ಲಿ ಮುಲಾಜಿಗೆ ಜಾಗವಿಲ್ಲ.

7.30ರ ಮ್ಯಾಚಿಗೆ ಕಾರವಾರ ಬಿಡುವ ಸಮಯ ಮಧ್ಯಾಹ್ನ 3.30. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ, ಪೋಳೆಂ ದಾಟಿ ಕಾಣಕೋಣದ ಬೈಪಾಸ್ ತನಕ ದಾರಿ ಸಲೀಸು. 2019ರಲ್ಲಿ ಆ ಬೈಪಾಸ್ ಆದ ಮೇಲೆ ಚಾವಡಿ ಪೇಟೆಯ ಇಕ್ಕಟ್ಟು ತಪ್ಪಿದೆ. ತಡವಾಗುವುದು ಅಲ್ಲಿಂದ ಮುಂದೆ, ಕರ್ಮಲ್ ಘಾಟಿನಲ್ಲಿ. ತಿರುವು ಜಾಸ್ತಿ, ಮುಂದೆ ಒಂದು ಲಾರಿ ಸಿಕ್ಕಿಕೊಂಡರೆ ಓವರ್‌ಟೇಕ್ ಮಾಡುವ ಜಾಗ ಸಿಗುವುದಿಲ್ಲ, ಬಾಳ್ಳಿ ತನಕ ಅದರ ಹಿಂದೆಯೇ ಹೋಗಬೇಕು. ಕುಂಕಳ್ಳಿಯಿಂದ ಮಡಗಾಂವದ ತನಕ ಊರುಗಳು ಒತ್ತೊತ್ತಾಗಿವೆ, ಸಂಜೆಯ ಗದ್ದಲವೂ ಇರುತ್ತದೆ. ಕಾಗದದ ಮೇಲೆ ಒಂದೂವರೆ ಗಂಟೆ ಅನ್ನುವ ದಾರಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಅಂಕೋಲಾ, ಗೋಕರ್ಣದ ಕಡೆಯವರು ಇದಕ್ಕೆ ಇನ್ನೊಂದು ಗಂಟೆ ಸೇರಿಸಬೇಕು. ಮಳೆಗಾಲದಲ್ಲಿ ಶಿರಸಿಯಿಂದ ದೇವಿಮನೆ ಘಾಟ್ ಇಳಿಯುವವರು ರಸ್ತೆ ತೆರೆದಿದೆಯೇ ಅಂತ ಹಿಂದಿನ ದಿನ ಕುಮಟಾದಲ್ಲಿ ಯಾರನ್ನಾದರೂ ಕೇಳಿಕೊಂಡು ಹೊರಡಲಿ. ಮುಚ್ಚಿದ್ದರೆ ಯಲ್ಲಾಪುರ, ಅರಬೈಲ್ ಘಾಟ್ ಸುತ್ತಿ ಅಂಕೋಲಾಕ್ಕೆ ಬರಬೇಕಾಗುತ್ತದೆ.

ರೈಲು ಹೋಗಲು ಚೆಂದ. ಶಿರವಾಡದ ನಮ್ಮ ಸ್ಟೇಷನ್ನಿನಲ್ಲಿ ಹತ್ತಿದರೆ ಅಸ್ನೋಟಿ, ಕಾಣಕೋಣ, ಬಾಳ್ಳಿ, ಮಡಗಾಂವ. ಘಾಟಿನ ಲಾರಿಗಳ ಕಾಟವಿಲ್ಲ. ಆದರೆ ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇರುತ್ತದೆ, ಜೂನ್‌ನಿಂದ ಅಕ್ಟೋಬರ್ ತನಕ. ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸಿ ಓಡಿಸುತ್ತಾರೆ, ಸಮಯವೂ ಬದಲಾಗುತ್ತದೆ. ಸೀಸನ್ನಿನ ಮೊದಲ ಮ್ಯಾಚ್ ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುವುದರಿಂದ ಹಳೆಯ ನೆನಪಿನ ಟೈಮಿಂಗ್ ನಂಬಬೇಡಿ. ರಾತ್ರಿ ಮಡಗಾಂವದಿಂದ ದಕ್ಷಿಣಕ್ಕೆ ಹೋಗುವ ದೂರದ ರೈಲುಗಳಿವೆ. ಅವೆಲ್ಲವೂ ಕಾರವಾರದಲ್ಲಿ ನಿಲ್ಲುವುದಿಲ್ಲ. ನಿಲ್ಲುವ ರೈಲು ಮುಂಬೈ ಕಡೆಯಿಂದ ಬರುವಂಥದ್ದಾದರೆ ತಡವಾಗುವುದು ಮಾಮೂಲು, ಮ್ಯಾಚ್ ನೋಡಿ ಬರುವವನಿಗೆ ಆ ತಡವೇ ಅನುಕೂಲ. ಜನರಲ್ ಟಿಕೆಟ್ಟನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಂಡರೆ ಉಪಯೋಗವಿಲ್ಲ. 200 ಕಿ.ಮೀ. ಒಳಗಿನ ಪ್ರಯಾಣಕ್ಕೆ ಅದು ಕೊಟ್ಟ ಹೊತ್ತಿನಿಂದ ಮೂರು ಗಂಟೆ, ಅಥವಾ ನಂತರದ ಮೊದಲ ರೈಲಿನ ತನಕ ಮಾತ್ರ ನಡೆಯುತ್ತದೆ. ವಾಪಸ್ಸಿನ ಟಿಕೆಟ್ಟನ್ನು ಮ್ಯಾಚ್ ಮುಗಿದ ಮೇಲೆಯೇ ತೆಗೆಯಿರಿ. ಇನ್ನೊಂದು: ಶಿರವಾಡದಲ್ಲಿ ಇಳಿಯುವಾಗ ನಡುರಾತ್ರಿ ಆಗಿರುತ್ತದೆ. ಪೇಟೆಗೆ ಆಟೋ ಸಿಕ್ಕರೆ ಪುಣ್ಯ. ಬೈಕನ್ನು ಸ್ಟೇಷನ್ನಿನಲ್ಲೇ ಬಿಟ್ಟು ಹೋಗಿ.

ಮಡಗಾಂವ ಸ್ಟೇಷನ್ನಿನಿಂದ ಸ್ಟೇಡಿಯಂಗೆ ಮೂರು ನಾಲ್ಕು ಕಿ.ಮೀ. ಗೋವಾದಲ್ಲಿ ಓಲಾ, ಊಬರ್ ಓಡುವುದಿಲ್ಲ. ಗೋವಾಮೈಲ್ಸ್ ಆ್ಯಪ್ ಇದೆ, ಹೊರಡುವ ಮೊದಲೇ ಹಾಕಿಕೊಂಡಿರಿ. ಒಬ್ಬರೇ ಇದ್ದರೆ ಮೋಟರ್‌ಸೈಕಲ್ ಪೈಲಟ್ (ಬಾಡಿಗೆ ಬೈಕ್ ಓಡಿಸುವವರು) ಹಿಂದೆ ಕೂತು ಹೋಗುವುದು ಎಲ್ಲಕ್ಕಿಂತ ಬೇಗ, ದರ ಮಾತ್ರ ಹತ್ತುವ ಮೊದಲೇ ಕೇಳಿ. ಕೊಂಕಣಿ ಬರುವವರಿಗೆ ಇಲ್ಲಿ ಕೆಲಸ ಅರ್ಧ ಹಗುರ. ಬಸ್ಸಿನಲ್ಲಿ ಬಂದವರಿಗೆ ಕದಂಬ ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ದೂರ.

ಈಗ ಟಿಕೆಟ್. ಕೊರೊನಾ ಕಾಲದಲ್ಲಿ 2020–21, 2021–22ರ ಎರಡೂ ಸೀಸನ್ ಪೂರ್ತಿ ಗೋವಾದ ಮೂರು ಮೈದಾನಗಳಲ್ಲೇ ನಡೆದವು: ಫಾತೋರ್ಡಾ, ಬಾಂಬೋಳಿ, ವಾಸ್ಕೋದ ತಿಲಕ್ ಮೈದಾನ. ದೇಶದ ಅಷ್ಟೂ ತಂಡಗಳು ನಮ್ಮಿಂದ ಎರಡು ಗಂಟೆ ದೂರದಲ್ಲಿ ಆಡುತ್ತಿದ್ದವು, ಒಳಗೆ ಹೋಗುವಂತಿರಲಿಲ್ಲ. 2022ರ ಮಾರ್ಚ್ 20ರ ಫೈನಲ್‌ಗೆ ಬಾಗಿಲು ತೆರೆದರು. ಆ ಎರಡು ವರ್ಷದಲ್ಲಿ ಹೋಗುವ ಅಭ್ಯಾಸ ತಪ್ಪಿದವರು ಬಹಳ. ಅವರು ಈಗ ಮರಳುವಾಗ ಗೊತ್ತಿರಬೇಕಾದ್ದೆಂದರೆ, ಕೌಂಟರಿನಲ್ಲಿ ಹೋಗಿ ತೆಗೆದುಕೊಂಡರಾಯಿತು ಅನ್ನುವ ಧೈರ್ಯ ಮೊದಲ ಮ್ಯಾಚಿಗೆ ಬೇಡ. ಮಾರಾಟ ಯಾವಾಗ, ಯಾವ ಆ್ಯಪ್‌ನಲ್ಲಿ ಅನ್ನುವುದನ್ನು ಕ್ಲಬ್ ತನ್ನ ಪುಟದಲ್ಲೇ ಹೇಳುತ್ತದೆ, ಅದನ್ನೇ ನೋಡಿ. ಮೊಬೈಲಿನಲ್ಲೇ ಸ್ಕ್ಯಾನ್ ಆಗುವ ಟಿಕೆಟ್ಟೋ, ಅಲ್ಲಿ ಹೋಗಿ ಬದಲಾಯಿಸಿಕೊಳ್ಳಬೇಕಾದ ರಸೀದಿಯೋ ಅನ್ನುವುದನ್ನು ಓದಿಕೊಳ್ಳಿ. ಎರಡನೆಯದಾದರೆ ಇನ್ನರ್ಧ ಗಂಟೆ ಮೊದಲು ಹೋಗಬೇಕು.

ಗೇಟಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಮೊಬೈಲಿನಿಂದಲೇ. ಸಾವಿರಾರು ಜನ ಒಂದೇ ಕಡೆ ನಿಂತಾಗ ನೆಟ್‌ವರ್ಕ್ ಸತ್ತುಹೋಗುತ್ತದೆ, ಸಿಗ್ನಲ್ ಕಡ್ಡಿ ಪೂರ್ತಿ ಕಂಡರೂ ಡೇಟಾ ಓಡುವುದಿಲ್ಲ. ಟಿಕೆಟ್ ತೆರೆಯದೆ ಸಾಲಿನಲ್ಲಿ ಹಿಂದಿನವರಿಂದ ಬೈಸಿಕೊಳ್ಳುವ ಪರಿಸ್ಥಿತಿ ಬರುತ್ತದೆ. ಮಡಗಾಂವ ಮುಟ್ಟುವ ಮೊದಲೇ ಟಿಕೆಟ್ ತೆರೆದು ಇಳಿಸಿಟ್ಟುಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ ಕೋಡ್ ಆಗಾಗ ಬದಲಾಗುತ್ತ ಇರುತ್ತದೆ, ಅಂಥದ್ದಕ್ಕೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ನಾಲ್ಕು ಟಿಕೆಟ್ ಒಬ್ಬರ ಫೋನಿನಲ್ಲಿದ್ದರೆ ನಾಲ್ವರೂ ಒಟ್ಟಿಗೇ ಒಳಗೆ ಹೋಗಬೇಕು. ಒಬ್ಬ ಆಮ್ಲೆಟ್ ಗಾಡಿಯ ಹತ್ತಿರ ಉಳಿದುಕೊಂಡರೆ ಮೂವರಿಗೂ ಕಿಕಾಫ್ ತಪ್ಪುತ್ತದೆ. ಟಿಕೆಟ್ ವರ್ಗಾಯಿಸುವ ಸೌಲಭ್ಯ ಇದ್ದರೆ ಮನೆಯಲ್ಲೇ ಹಂಚಿಬಿಡಿ.

ಆಮ್ಲೆಟ್ ಅಂದ ಮೇಲೆ ಹೇಳಬೇಕು. ಒಳಗಿನ ತಿಂಡಿಗೆ ಕಾಯಬೇಡಿ. ವಿರಾಮ ಇರುವುದು 15 ನಿಮಿಷ, ಸಾಲಿನಲ್ಲೇ ಅದು ಕಳೆದುಹೋಗುತ್ತದೆ. ಮಡಗಾಂವದ ಗಾಡಿಗಳಲ್ಲಿ ರಸ್ ಆಮ್ಲೆಟ್ ಬಿಸಿಬಿಸಿ ಸಿಗುತ್ತದೆ: ಆಮ್ಲೆಟ್ ಮೇಲೆ ಕೋಳಿಯ ಶಾಗುತಿ ರಸ, ಮೇಲೆ ಹೆಚ್ಚಿದ ಈರುಳ್ಳಿ, ಒಂದು ಹೋಳು ನಿಂಬೆ, ಜೊತೆಗೆ ಪಾವ್. 6 ಗಂಟೆಯ ಹೊತ್ತಿಗೆ ಅದನ್ನು ತಿಂದು, ನೀರು ಕುಡಿದು ಒಳಗೆ ಹೋದರೆ 10ರ ತನಕ ಹಸಿವಿನ ಸುದ್ದಿಯಿಲ್ಲ.

ಗೇಟಿನಲ್ಲಿ ತೆಗೆದಿಡಿಸುವ ಸಾಮಾನುಗಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ: ನೀರಿನ ಬಾಟಲಿ, ಲೈಟರ್, ಸಿಗರೇಟು, ಚಿಲ್ಲರೆ ನಾಣ್ಯ, ಪವರ್ ಬ್ಯಾಂಕ್, ಕೊಡೆ, ಹೆಲ್ಮೆಟ್. ಎಸೆಯಬಹುದಾದ್ದು, ಚುಚ್ಚಬಹುದಾದ್ದು ಯಾವುದೂ ಬೇಡ ಅನ್ನುವುದು ಅದರ ಹಿಂದಿನ ಲೆಕ್ಕ. ಬೈಕಿನಲ್ಲಿ ಬಂದವರು ಹೆಲ್ಮೆಟ್ ಕಟ್ಟಲು ಒಂದು ಕೇಬಲ್ ಲಾಕ್ ತನ್ನಿ, ಕಂಕುಳಲ್ಲಿ ಇಟ್ಟುಕೊಂಡು ಬಂದರೆ ಗೇಟಿನ ಹತ್ತಿರ ಇಟ್ಟುಹೋಗಲು ಜಾಗವಿಲ್ಲ. ಮಳೆಗೆ ಕೊಡೆಯ ಬದಲು ಮಡಚಿ ಜೇಬಿಗೆ ಹೋಗುವ ರೇನ್‌ಕೋಟ್. ಬ್ಯಾಗೇ ಇಲ್ಲದೆ ಹೋದರೆ ತಪಾಸಣೆ ಬೇಗ ಮುಗಿಯುತ್ತದೆ. ಮಗುವನ್ನು ಕರೆದುಕೊಂಡು ಹೋಗುವವರು ಎಷ್ಟು ವಯಸ್ಸಿನಿಂದ ಟಿಕೆಟ್ ಬೇಕು ಅಂತ ಮೊದಲೇ ನೋಡಿ, ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆದುಬಿಡಿ. ಡೋಲು ಬಡಿಯುವ ಕಡೆ ಕೂರಿಸಬೇಡಿ, ಚಿಕ್ಕ ಕಿವಿಗೆ ಆ ಸದ್ದು ಜಾಸ್ತಿಯಾಗುತ್ತದೆ.

ಎಲ್ಲಿ ಕೂರಬೇಕು? ಹಾಡುವ ಮನಸ್ಸಿದ್ದರೆ ಈಸ್ಟ್ ಸ್ಟ್ಯಾಂಡಿನ ಕೆಳಗಿನ ಭಾಗ. ಗೋವಾದ ಅಭಿಮಾನಿ ಬಳಗದ ಹೆಸರೇ ಈಸ್ಟ್ ಲೋವರ್ ಆರ್ಮಿ. ಅಲ್ಲಿ 90 ನಿಮಿಷವೂ ನಿಂತಿರುತ್ತಾರೆ, ಕೂತು ನೋಡುವವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಆಟ ನೋಡಬೇಕು ಅನ್ನುವವರು ಮೇಲಿನ ಸಾಲು ಹಿಡಿಯಿರಿ, ಅಲ್ಲಿಂದ ಎರಡೂ ತಂಡದ ನಿಲುವು ಪೂರ್ತಿ ಕಣ್ಣಿಗೆ ಬೀಳುತ್ತದೆ. 5 ಗಂಟೆಯ ಮ್ಯಾಚಾದರೆ ಪೂರ್ವದ ಕಡೆ ಕೂತವರಿಗೆ ಮುಳುಗುವ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ, ಒಂದು ಟೋಪಿ ಬೇಕೇ ಬೇಕು. ಛಾವಣಿ ಇದೆ, ಆದರೆ ಗಾಳಿಮಳೆಗೆ ಮುಂದಿನ ಸಾಲುಗಳು ತೊಯ್ಯುತ್ತವೆ.

ಅಂಗಿಯ ಬಣ್ಣದ ಬಗ್ಗೆ ನಮ್ಮವರಲ್ಲಿ ಚರ್ಚೆ ಜೋರು. ಕಾರವಾರದಲ್ಲಿ ಒಂದೇ ಮನೆಯಲ್ಲಿ ಬೆಂಗಳೂರಿನ ನೀಲಿಯೂ ಇದೆ, ಗೋವಾದ ಕಿತ್ತಳೆಯೂ ಇದೆ. ಗೋವಾ ತಂಡದ ಗುರುತು ಕಾಡುಕೋಣ, ಅದು ನಮ್ಮ ಕಾಳಿ ಕಣಿವೆಯ ಪ್ರಾಣಿಯೂ ಹೌದು. ಹಾಗಾಗಿ ಕಿತ್ತಳೆ ಹಾಕಿದ ಕನ್ನಡಿಗನನ್ನು ಪರಕೀಯ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಎದುರಾಳಿ ಬೆಂಗಳೂರು ಆಗಿದ್ದರೆ, ನೀವು ನೀಲಿ ಅಂಗಿಯವರಾಗಿದ್ದರೆ, ಹೊರಗಿನ ತಂಡದವರಿಗೆ ಇಟ್ಟ ಸ್ಟ್ಯಾಂಡಿನ ಟಿಕೆಟ್ಟನ್ನೇ ತೆಗೆಯಿರಿ. ‘ಫೋರ್ಸಾ ಗೋವಾ’ ಅಂತ ಕೂಗುವವರ ನಡುವೆ ಕೂತು ಬೆಂಗಳೂರಿನ ಗೋಲಿಗೆ ಎದ್ದು ಕುಣಿದರೆ ಜಗಳ ಹುಡುಕಿಕೊಂಡು ಬರುತ್ತದೆ, ಭದ್ರತೆಯವರೂ ಎಬ್ಬಿಸಿ ಕಳಿಸಬಹುದು.

ಕಿಕಾಫ್‌ಗೆ 50 ನಿಮಿಷ ಮೊದಲು ಸೀಟಿನಲ್ಲಿರಬೇಕು ಅನ್ನುವುದು ಬರೀ ಜಾಗಕ್ಕಾಗಿ ಅಲ್ಲ. ಹನ್ನೊಂದು ಮಂದಿಯ ಪಟ್ಟಿ ಒಂದು ಗಂಟೆ ಮೊದಲು ಹೊರಬಿದ್ದಿರುತ್ತದೆ, ವಾರ್ಮಪ್ ಶುರುವಾಗಿರುತ್ತದೆ. ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಮೊದಲು ಗೋಲ್‌ಕೀಪರ್ ಬರುತ್ತಾನೆ. ಕೋಚ್ ಕಡೆಯಿಂದ ಬರುವ ಕ್ರಾಸ್‌ಗಳನ್ನು (ಬದಿಯಿಂದ ಗೋಲಿನ ಮುಂದಕ್ಕೆ ಎತ್ತಿ ಒದೆಯುವ ಚೆಂಡು) ಅವನು ಹಿಡಿಯುತ್ತಾನೋ, ಗುದ್ದಿ ಕಳಿಸುತ್ತಾನೋ ನೋಡಿ. ಹುಲ್ಲು ಒದ್ದೆಯಿದ್ದರೆ ನೆಲಕ್ಕೆ ಬಿದ್ದ ಚೆಂಡು ಪುಟಿಯದೆ ಜಾರಿ ಬರುತ್ತದೆ. ಎದೆಗೆ ಅವುಚಿಕೊಳ್ಳಲು ಹೋದ ಚೆಂಡು ಎರಡು ಸಲ ಕೈ ಬಿಟ್ಟರೆ ಆ ರಾತ್ರಿ ದೂರದ ಶಾಟ್‌ಗೆ ರೀಬೌಂಡ್ ಗೋಲು ಬೀಳುವ ಲಕ್ಷಣ ಅದು. ಆಮೇಲೆ ಫಾರ್ವರ್ಡ್‌ಗಳು ಬೂಟಿನ ಅಡಿ ತಿರುಗಿಸಿ ಮಣ್ಣು ಕೆರೆಯುತ್ತ ಸ್ಟಡ್ ನೋಡಿಕೊಳ್ಳುವುದು, ಒಬ್ಬಿಬ್ಬರು ಒಳಗೆ ಹೋಗಿ ಬೂಟು ಬದಲಾಯಿಸಿ ಬರುವುದು. ಮೈದಾನ ಎಷ್ಟು ಮೆತ್ತಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ.

ಮೊದಲ ಮ್ಯಾಚಿನ ಆಟಕ್ಕೆ ಅದರದೇ ಸ್ವಭಾವವಿದೆ. ಹೊಸ ಆಟಗಾರರು ಒಬ್ಬರನ್ನೊಬ್ಬರು ಇನ್ನೂ ಅರಿತಿರುವುದಿಲ್ಲ. ಅದು ಮೊದಲು ಕಾಣುವುದು ಡಿಫೆನ್ಸ್ ಸಾಲಿನಲ್ಲಿ. ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವಿನ ಅಂತರವನ್ನೇ ಹತ್ತು ನಿಮಿಷ ಗಮನಿಸಿ. ಒಬ್ಬ ಮುಂದೆ ಹೆಜ್ಜೆ ಹಾಕಿದಾಗ ಇನ್ನೊಬ್ಬ ಅಲ್ಲೇ ನಿಂತರೆ ಆಫ್‌ಸೈಡ್ ಗೆರೆ ಮುರಿಯಿತು, ಆ ಸಂದಿಯಲ್ಲೇ ಚೆಂಡು ನುಗ್ಗುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಪ್ರಿ-ಸೀಸನ್ ಮುಗಿಸಿ ಬಂದ ಕಾಲುಗಳು 65–70ನೇ ನಿಮಿಷಕ್ಕೆ ಹಿಡಿದುಕೊಳ್ಳುತ್ತವೆ. ಥ್ರೋ ಎಸೆಯಬೇಕಾದ ಫುಲ್‌ಬ್ಯಾಕ್ ಅಂಗಿಯ ತುದಿಯಿಂದ ಚೆಂಡು ಒರೆಸುತ್ತ ಹೊತ್ತು ಕಳೆಯತೊಡಗಿದರೆ, ಬಗ್ಗಿ ಮೊಣಕಾಲ ಮೇಲೆ ಕೈ ಇಟ್ಟರೆ, ಅವನ ಕಡೆಯಿಂದಲೇ ಮುಂದಿನ ದಾಳಿ ಬರುತ್ತದೆ. ಎದುರಾಳಿ ಕೋಚ್ ಕೂಡ ಅದನ್ನೇ ನೋಡುತ್ತಿರುತ್ತಾನೆ. ಐದು ಬದಲಿ ಆಟಗಾರರನ್ನು ಇಳಿಸಬಹುದು, ಆದರೆ ವಿರಾಮ ಬಿಟ್ಟರೆ ಮೂರೇ ಸಲಕ್ಕೆ. 2021–22ರಿಂದ ವಿದೇಶಿ ಆಟಗಾರರು ಏಕಕಾಲಕ್ಕೆ ನಾಲ್ವರಿಗಿಂತ ಹೆಚ್ಚು ಮೈದಾನದಲ್ಲಿರುವಂತಿಲ್ಲ ಅನ್ನುವ ನಿಯಮ ಬಂದ ಮೇಲೆ ಯಾರನ್ನು ತೆಗೆದು ಯಾರನ್ನು ಹಾಕುವುದು ಅನ್ನುವುದು ದೊಡ್ಡ ಲೆಕ್ಕಾಚಾರ. ಸುಸ್ತಾದ ವಿದೇಶಿ ಮಿಡ್‌ಫೀಲ್ಡರ್ ಜಾಗಕ್ಕೆ ಬರುವ ನಮ್ಮ ಹುಡುಗ ಆ ಕೊನೆಯ 20 ನಿಮಿಷ ಹೇಗೆ ಆಡುತ್ತಾನೆ ಅನ್ನುವುದರ ಮೇಲೆ ಇಡೀ ಸೀಸನ್ನಿನ ಅಂದಾಜು ಸಿಗುತ್ತದೆ. ನೋಡಲೇಬೇಕಾದ ಹೊತ್ತು ಅದು.

ಸೀಸನ್ ಯಾವ ತಿಂಗಳಲ್ಲಿ ಶುರುವಾಗುತ್ತದೆ ಅನ್ನುವುದರ ಮೇಲೆ ತಯಾರಿಯೂ ಬದಲಾಗಬೇಕು. 2025–26ರದ್ದು ಮುಂದೆ ಹೋಗಿ 2026ರ ಫೆಬ್ರವರಿಯಲ್ಲಿ ಶುರುವಾಯಿತು. ಫೆಬ್ರವರಿಯಲ್ಲಿ ರೇನ್‌ಕೋಟ್ ಬೇಡ, ಬದಲಿಗೆ 5 ಗಂಟೆಯ ಮ್ಯಾಚಿನ ಬಿಸಿಲಿಗೆ ಸಿದ್ಧರಾಗಬೇಕು. 5ರ ಮ್ಯಾಚಾದರೆ ಊಟ ಮುಗಿಸಿ 1 ಗಂಟೆಗೇ ಕಾರವಾರ ಬಿಡಬೇಕು. 7ಕ್ಕೆ ಮುಗಿಯುವುದರಿಂದ ವಾಪಸ್ಸಿಗೆ ಬಸ್ಸಿನ ಆಸೆ ಇಟ್ಟುಕೊಳ್ಳಬಹುದು, ಕಡೆಯ ಬಸ್ ಎಷ್ಟಕ್ಕೆ ಅಂತ ಬರುವಾಗ ಸ್ಟ್ಯಾಂಡಿನಲ್ಲೇ ಕೇಳಿಟ್ಟುಕೊಂಡಿರಿ.

ಕಾರು ನಿಲ್ಲಿಸುವಾಗ ಸ್ಟೇಡಿಯಂ ಗೋಡೆಗೆ ಹತ್ತಿರದ ಜಾಗಕ್ಕೆ ಆಸೆ ಪಡಬೇಡಿ. ಅಲ್ಲಿ ನಿಲ್ಲಿಸಿದವರು ಎಲ್ಲರಿಗಿಂತ ಕೊನೆಗೆ ಹೊರಬೀಳುತ್ತಾರೆ. ಹತ್ತು ಹದಿನೈದು ನಿಮಿಷ ನಡೆಯುವಷ್ಟು ದೂರದಲ್ಲಿ, ಕಾರಿನ ಮೂತಿ ಹೊರಗೆ ಮಾಡಿ, ಯಾರ ಮನೆ ಗೇಟಿಗೂ ಅಡ್ಡವಾಗದಂತೆ ನಿಲ್ಲಿಸಿ, ಪಕ್ಕದ ಅಂಗಡಿಯ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ರಾತ್ರಿ ಆ ಬೀದಿಗಳೆಲ್ಲ ಒಂದೇ ಥರ ಕಾಣುತ್ತವೆ. ಗುಂಪಿನವರು ಬೇರೆ ಬೇರೆ ಸ್ಟ್ಯಾಂಡಿನಲ್ಲಿದ್ದರೆ ಫೋನ್ ಸಿಗುತ್ತದೆ ಅಂತ ನಂಬದೆ ಸೇರುವ ಜಾಗ, ಸಮಯ ಮೊದಲೇ ಗೊತ್ತು ಮಾಡಿ.

ಗೋವಾದಲ್ಲಿ ಪೆಟ್ರೋಲ್ ಅಗ್ಗ, ಆದರೆ ಹೋಗುವಾಗಲೇ ತುಂಬಿಸಿ. ರಾತ್ರಿ 11ಕ್ಕೆ ಕಾಣಕೋಣದ ಕಡೆ ಪಂಪ್ ತೆರೆದಿರುತ್ತದೆ ಅನ್ನುವ ಖಾತ್ರಿಯಿಲ್ಲ. ಕರ್ಮಲ್ ಘಾಟಿನಲ್ಲಿ ಮಳೆ ಮಂಜು ಇದ್ದರೆ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ಬರುತ್ತದೆ, ಲೋ ಬೀಮಿನಲ್ಲಿ ರಸ್ತೆಯ ಬಿಳಿ ಗೆರೆ ಹಿಡಿದು ಹೋಗಿ. ಘಾಟ್ ಇಳಿದ ಮೇಲೆ ನೇರ ರಸ್ತೆ ಸಿಕ್ಕಿತೆಂದು ಒತ್ತಿಬಿಡುವುದು ಬೇಡ, ಮಳೆಗಾಲದಲ್ಲಿ ಬೆಚ್ಚಗಿರುವ ಡಾಂಬರಿನ ಮೇಲೆ ದನಗಳು ಮಲಗಿರುತ್ತವೆ, ಕಪ್ಪು ಎಮ್ಮೆಯಂತೂ ಹತ್ತಿರ ಬರುವ ತನಕ ಕಾಣುವುದಿಲ್ಲ.

ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾದ ಮದ್ಯ ಸಿಕ್ಕರೆ ಅಬಕಾರಿಯವರು ಬಿಡುವುದಿಲ್ಲ. ಒಬ್ಬನ ಚೀಲದ ಒಂದು ಬಾಟಲಿಗೆ ಇಡೀ ಗಾಡಿಯವರು ರಾತ್ರಿ ರಸ್ತೆ ಬದಿ ನಿಲ್ಲಬೇಕಾಗುತ್ತದೆ. ಮಡಗಾಂವ ಬಿಡುವಾಗಲೇ ಎಲ್ಲರನ್ನೂ ಕೇಳಿಬಿಡಿ. ಚೆಕ್‌ಪೋಸ್ಟಿನಲ್ಲಿ ಒಳಗಿನ ಲೈಟ್ ಹಾಕಿ, ಗಾಜು ಇಳಿಸಿ, ಡಿಕ್ಕಿ ತೆರೆದು ತೋರಿಸಿದರೆ ಎರಡು ನಿಮಿಷದ ಕೆಲಸ. ಸದಾಶಿವಗಡದವರನ್ನು ಸೇತುವೆಗೆ ಮೊದಲೇ ಇಳಿಸಿ, ಪೇಟೆಯವರನ್ನು ಮಾಲಾದೇವಿ ಮೈದಾನದ ಹತ್ತಿರ ಬಿಟ್ಟು, ಬಿಣಗಾ, ಅಂಕೋಲಾದ ಕಡೆ ಹೋಗುವವರು ಮುಂದುವರಿಯಬಹುದು. ಮುಂದಿನ ತವರಿನ ಮ್ಯಾಚಿಗೆ ಯಾರ‍್ಯಾರು ಬರುತ್ತಾರೆ ಅಂತ ಎಲ್ಲರೂ ಗಾಡಿಯಲ್ಲಿರುವಾಗಲೇ ಕೇಳಿಕೊಂಡರೆ ಟೆಂಪೊಗೆ ಬೇಕಾದ ಹನ್ನೆರಡು ತಲೆ ಅಲ್ಲೇ ಆಗುತ್ತದೆ.